ಕನಸಿನ ಕಣ್ಣು, ಚಿಕಿತ್ಸೆಯ ಕಣ್ಣು: ಆಪ್ತಸಮಾಲೋಚಕರಿಗೆ ಒಂದು ಬಹಿರಂಗ ಪತ್ರ

ಕನ್ನಡದಲ್ಲಿ ಮನೋಚಿಕಿತ್ಸೆ ನಡೆಸುತ್ತಿರುವ ಆಪ್ತಸಮಾಲೋಚಕರಿಗೆ, ಮನಃಶಾಸ್ತ್ರಜ್ಞರಿಗೆ ಮತ್ತು ಈ ವೃತ್ತಿಗೆ ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳಿಗೆ,

ಮನಸ್ಸಿಗೆ ತಗುಲಿದ ಆಘಾತವನ್ನು ಕಣ್ಣಿನ ಚಲನೆಯ ನೆರವಿನಿಂದ ಶಮನಗೊಳಿಸುವ ಇ.ಎಂ.ಡಿ.ಆರ್. ಎಂಬ ಚಿಕಿತ್ಸಾಕ್ರಮವನ್ನು ವಿವರಿಸುವಾಗ ಒಂದು ಹೋಲಿಕೆ ಮತ್ತೆ ಮತ್ತೆ ಬಳಕೆಯಾಗುತ್ತದೆ. ಕನಸು ಕಾಣುವ ನಿದ್ರೆಯಲ್ಲಿ ಕಣ್ಣುಗುಡ್ಡೆಗಳು ಮುಚ್ಚಿದ ರೆಪ್ಪೆಯ ಹಿಂದೆ ಓಡಾಡುವಂತೆಯೇ ಈ ಚಿಕಿತ್ಸೆಯಲ್ಲಿಯೂ ಅವು ಎಡಕ್ಕೂ ಬಲಕ್ಕೂ ಓಡಾಡುತ್ತವೆ, ಆದುದರಿಂದ ನಿದ್ರೆಯು ಪ್ರತಿರಾತ್ರಿ ಮಾಡುವ ಕೆಲಸವನ್ನೇ ಚಿಕಿತ್ಸೆಯು ಹಗಲಿನಲ್ಲಿ ಮಾಡಿಸುತ್ತದೆ ಎಂಬುದೇ ಆ ಹೋಲಿಕೆ. ಕೇಳುವವರಿಗೆ ಅದು ಸುಲಭವಾಗಿ ಅರ್ಥವಾಗುತ್ತದೆ, ಹೆದರಿದವರಿಗೆ ಧೈರ್ಯವನ್ನೂ ಕೊಡುತ್ತದೆ. ಆದರೆ ಅದು ಸಿದ್ಧವಾದ ಸತ್ಯವಲ್ಲ. ಈವರೆಗೆ ದೊರೆತಿರುವ ಪುರಾವೆಯನ್ನು ಒಟ್ಟಾಗಿ ನೋಡಿದರೆ ಅದು ಬಹುಮಟ್ಟಿಗೆ ತಪ್ಪು ದಿಕ್ಕಿನತ್ತ ಬೆರಳು ತೋರಿಸುತ್ತದೆ. ಈ ಪತ್ರವು ಆ ಚಿಕಿತ್ಸೆಯನ್ನು ಕೈಬಿಡಿ ಎಂದು ಹೇಳುವುದಿಲ್ಲ, ಆ ಹೋಲಿಕೆಯನ್ನು ಕೈಬಿಡಿ ಎಂದಷ್ಟೇ ಕೋರುತ್ತದೆ. ಅದರ ಜಾಗದಲ್ಲಿ ಹೇಳಬಹುದಾದ ನಿಜವಾದ ವಿವರಣೆಯು ನೊಂದವರಿಗೂ ಚಿಕಿತ್ಸಕರಿಗೂ ಹೆಚ್ಚು ಉಪಯೋಗಕ್ಕೆ ಬರುವಂಥದು ಎಂಬುದನ್ನು ತೋರಿಸಲು ಇಲ್ಲಿ ಪ್ರಯತ್ನಿಸಲಾಗಿದೆ.

ಮೊದಲು ಚಿಕಿತ್ಸೆಯ ಸ್ವರೂಪವನ್ನು ಸಂಕ್ಷೇಪವಾಗಿ ನೆನಪಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ವಾದವೆಲ್ಲ ಅದರ ಒಂದು ಸಣ್ಣ ಭಾಗವನ್ನು ಕುರಿತದ್ದು. ಎಂಟು ಹಂತಗಳಿರುವ ಈ ಕ್ರಮದಲ್ಲಿ ಪೂರ್ವವೃತ್ತಾಂತವನ್ನು ಕೇಳಿ ತಿಳಿದು, ವ್ಯಕ್ತಿಯನ್ನು ಸಿದ್ಧಗೊಳಿಸಿದ ಬಳಿಕ, ಕಾಡುವ ನೆನಪಿನ ಅತ್ಯಂತ ನೋವಿನ ದೃಶ್ಯವೊಂದನ್ನು ಅವರೇ ಆರಿಸಿಕೊಳ್ಳುತ್ತಾರೆ; ಅದರೊಡನೆ ತಮ್ಮ ಬಗ್ಗೆ ಮೂಡುವ ಕಹಿ ನಂಬಿಕೆಯನ್ನು, ದೇಹದಲ್ಲಿ ಅದು ಎಲ್ಲಿ ತಿಳಿಯುತ್ತದೆ ಎಂಬುದನ್ನು ಗುರುತಿಸಿ, ಸಂಕಟದ ಪ್ರಮಾಣವನ್ನು 0ಯಿಂದ 10ರವರೆಗಿನ ಅಳತೆಯಲ್ಲಿ ಹೇಳುತ್ತಾರೆ. ಆಮೇಲೆ ಆ ದೃಶ್ಯವನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ಚಿಕಿತ್ಸಕರ ಬೆರಳು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಚಲಿಸುವುದನ್ನು ಸುಮಾರು ಅರ್ಧ ನಿಮಿಷ ಕಣ್ಣಿನಿಂದಲೇ ಹಿಂಬಾಲಿಸಿ, ನಿಲ್ಲಿಸಿ, ಈಗ ಏನು ಕಾಣುತ್ತಿದೆ ಎಂದು ಹೇಳಿ, ಮತ್ತೆ ಮುಂದುವರಿಸುತ್ತಾರೆ. ಸಂಕಟದ ಅಂಕವು ಇಳಿಯುತ್ತ ಬಂದು ಸೊನ್ನೆಯ ಹತ್ತಿರ ನಿಲ್ಲುವವರೆಗೆ ಇದು ಸಾಗುತ್ತದೆ.

ಅಮೆರಿಕದ ಫ್ರಾನ್ಸಿನ್ ಶಪೀರೊ 1987ರಲ್ಲಿ ಕ್ಯಾಲಿಫೋರ್ನಿಯದ ಉದ್ಯಾನವೊಂದರಲ್ಲಿ ನಡೆದಾಡುವಾಗ ತಮ್ಮ ಕಣ್ಣಿನ ಚಲನೆಯೊಡನೆ ಕಾಡುವ ಯೋಚನೆಗಳ ಕಾವು ತಗ್ಗುವುದನ್ನು ಗಮನಿಸಿದುದಾಗಿ ಹೇಳಿದರು. 1989ರಲ್ಲಿ 22 ಮಂದಿಯ ಮೇಲಿನ ಮೊದಲ ಅಧ್ಯಯನವನ್ನು ಪ್ರಕಟಿಸಿದರು. ಆ ಅಧ್ಯಯನದ ದೌರ್ಬಲ್ಯಗಳನ್ನು ವಿಮರ್ಶಕರು ಕಟುವಾಗಿಯೇ ಎತ್ತಿತೋರಿಸಿದರು, ಕೆಲವರು ಈ ಚಿಕಿತ್ಸೆಯನ್ನು ಹದಿನೆಂಟನೆಯ ಶತಮಾನದ ಮೆಸ್ಮರನ ಕಾಂತಚಿಕಿತ್ಸೆಗೆ ಹೋಲಿಸಿದ್ದೂ ಉಂಟು. ಆದರೂ ಮುಂದಿನ ಎರಡು ದಶಕಗಳಲ್ಲಿ ನಿಯಂತ್ರಿತ ಪ್ರಯೋಗಗಳು ಒಂದೊಂದಾಗಿ ಕೂಡಿಬಂದವು. ಆಘಾತದ ಬಳಿಕ ತಿಂಗಳುಗಟ್ಟಲೆ ಉಳಿಯುವ ಬೇನೆಗೆ, ಅಂದರೆ ಪಿ.ಟಿ.ಎಸ್.ಡಿ.ಗೆ, ಈ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2013ರ ತನ್ನ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿತು. ಹೀಗಾಗಿ ಅದು ಫಲ ಕೊಡುತ್ತದೆಯೇ ಎಂಬುದು ಇಂದಿನ ಮುಖ್ಯ ಪ್ರಶ್ನೆಯಲ್ಲ. ಅದರಲ್ಲಿ ಕಣ್ಣಿನ ಪಾತ್ರವೇನು ಎಂಬುದು ಪ್ರಶ್ನೆ, ಮತ್ತು ಆ ಪ್ರಶ್ನೆಗೆ ನಿದ್ರೆಯನ್ನು ಉತ್ತರವಾಗಿ ಕೊಡುವ ಮೊದಲು ನಿದ್ರೆಯಲ್ಲಿ ಕಣ್ಣು ಮಾಡುವುದೇನು ಎಂಬುದನ್ನು ನಿಧಾನವಾಗಿ ನೋಡಬೇಕಾಗುತ್ತದೆ.

ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ಅವರ ಗುರು ನಥಾನಿಯಲ್ ಕ್ಲೈಟ್‌ಮನ್ 1953ರಲ್ಲಿ ಪ್ರಕಟಿಸಿದ ಎರಡು ಪುಟಗಳಷ್ಟೇ ಇರುವ ಪ್ರಬಂಧದಿಂದ ಈ ಕಥೆ ಆರಂಭವಾಗುತ್ತದೆ. ನಿದ್ರೆಯೆಂದರೆ ಮಿದುಳಿನ ದೀಪ ಆರಿದ ಸ್ಥಿತಿ ಎಂದು ನಂಬಿದ್ದ ಕಾಲದಲ್ಲಿ, ಮಲಗಿದವರ ಕಣ್ಣುಗಳು ರಾತ್ರಿಯಲ್ಲಿ ಆಗಾಗ ಗೊತ್ತಾದ ಅಂತರದಲ್ಲಿ ಬಿರುಸಿನಿಂದ ಚಲಿಸುತ್ತವೆಯೆಂದೂ, ಆ ಹೊತ್ತಿನಲ್ಲಿ ಎಬ್ಬಿಸಿದರೆ ಹೆಚ್ಚಿನವರು ಕನಸನ್ನು ವಿವರಿಸಬಲ್ಲರೆಂದೂ ಅವರು ತೋರಿಸಿದರು. ಈ ಅವಸ್ಥೆಗೆ ರೆಮ್ ನಿದ್ರೆ, ಎಂದರೆ ಕ್ಷಿಪ್ರ ನೇತ್ರಚಲನೆಯ ನಿದ್ರೆ, ಎಂಬ ಹೆಸರು ಬಂದಿತು. ವಯಸ್ಕರಲ್ಲಿ ಸುಮಾರು 90 ನಿಮಿಷಗಳಿಗೊಮ್ಮೆ ಮರಳಿ ಬರುವ ಇದು ಒಟ್ಟು ನಿದ್ರೆಯ ನಾಲ್ಕನೆಯ ಅಥವಾ ಐದನೆಯ ಒಂದು ಭಾಗವನ್ನು ಆಕ್ರಮಿಸುತ್ತದೆ, ಬೆಳಗಿನ ಜಾವ ಹತ್ತಿರವಾದಂತೆ ಅದರ ಪಾಳಿ ಉದ್ದವಾಗುತ್ತ ಹೋಗುತ್ತದೆ. ನವಜಾತ ಶಿಶುವಿನಲ್ಲಿ ನಿದ್ರೆಯ ಅರ್ಧದಷ್ಟು ಇದೇ ಆಗಿರುತ್ತದೆ. ಫ್ರಾನ್ಸಿನ ಲಿಯೋನ್ ನಗರದಲ್ಲಿ ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿದ ಮಿಶೆಲ್ ಜೂವೆ, ಈ ಹೊತ್ತಿನಲ್ಲಿ ಮಿದುಳು ಎಚ್ಚರದಲ್ಲಿದ್ದಂತೆ ಚುರುಕಾಗಿರುತ್ತದೆ ಆದರೆ ದೇಹದ ಬಹುತೇಕ ಸ್ನಾಯುಗಳು ಸಡಿಲಬಿದ್ದಿರುತ್ತವೆ ಎಂಬುದನ್ನು 1959ರಲ್ಲಿ ಕಂಡುಕೊಂಡು, ಇದನ್ನು ಎಚ್ಚರವೂ ಅಲ್ಲದ ಸಾಮಾನ್ಯ ನಿದ್ರೆಯೂ ಅಲ್ಲದ ಮೂರನೆಯ ಸ್ಥಿತಿಯೆಂದು ಗಣಿಸಿದರು. ಜಾಗ್ರತ್, ಸ್ವಪ್ನ, ಸುಷುಪ್ತಿ ಎಂಬ ವಿಂಗಡಣೆಯನ್ನು ಬಲ್ಲ ಕನ್ನಡದ ಓದುಗರಿಗೆ ಇಲ್ಲಿ ಹಳೆಯ ಪರಿಚಯದ ಭಾವನೆ ಬರುವುದು ಸಹಜ. ಆದರೆ ಉಪನಿಷತ್ತಿನ ವಿಂಗಡಣೆ ಅನುಭವವನ್ನು ಕುರಿತದ್ದು, ಜೂವೆಯದು ಮಿದುಳುಕಾಂಡದ ನರಕೋಶಗಳನ್ನು ಕುರಿತದ್ದು; ಒಂದನ್ನು ಇನ್ನೊಂದಕ್ಕೆ ಸಾಕ್ಷಿಯಾಗಿ ನಿಲ್ಲಿಸಿದರೆ ಎರಡಕ್ಕೂ ನ್ಯಾಯ ಸಲ್ಲುವುದಿಲ್ಲ.

ರೆಮ್ ನಿದ್ರೆಯಲ್ಲಿ ಕಣ್ಣು ಏಕೆ ಚಲಿಸುತ್ತದೆ ಎಂಬುದರ ಬಗ್ಗೆ ಎರಡು ಅಭಿಪ್ರಾಯಗಳು ಬಹುಕಾಲ ಎದುರುಬದುರಾಗಿ ನಿಂತಿದ್ದವು. ಕನಸಿನ ದೃಶ್ಯವನ್ನು ಕಣ್ಣು ನೋಡುತ್ತಿದೆ ಎಂಬುದು ಒಂದು. ಮಿದುಳುಕಾಂಡದಲ್ಲಿ ಹುಟ್ಟುವ ವಿದ್ಯುತ್ ಅಲೆಗಳು ಕಣ್ಣಿನ ಸ್ನಾಯುಗಳನ್ನು ಸುಮ್ಮನೆ ಎಳೆದಾಡಿಸುತ್ತವೆ, ಅದರಲ್ಲಿ ಅರ್ಥವೇನೂ ಇಲ್ಲ ಎಂಬುದು ಇನ್ನೊಂದು. ಇತ್ತೀಚಿನ ಪ್ರಯೋಗಗಳು ಮೊದಲನೆಯದರ ಕಡೆಗೆ ವಾಲುತ್ತಿವೆ. ಕನಸಿನಲ್ಲಿ ಕೈಕಾಲು ಆಡಿಸುವ ನಿದ್ರಾರೋಗವಿರುವವರಲ್ಲಿ ಕೈ ಚಾಚಿದ ದಿಕ್ಕಿಗೇ ಕಣ್ಣೂ ಹೊರಳುವುದು ಪ್ಯಾರಿಸ್ಸಿನ ಅಧ್ಯಯನವೊಂದರಲ್ಲಿ 2010ರಲ್ಲಿ ಕಂಡುಬಂದಿತು. 2022ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಪ್ರಯೋಗದಲ್ಲಿ, ತಲೆ ಯಾವ ದಿಕ್ಕಿಗೆ ತಿರುಗಿದೆಯೆಂದು ಲೆಕ್ಕವಿಡುವ ನರಕೋಶಗಳು ರೆಮ್ ನಿದ್ರೆಯಲ್ಲಿಯೂ ಕಾಲ್ಪನಿಕ ತಿರುವುಗಳನ್ನು ಸೂಚಿಸುತ್ತಿದ್ದವು, ಕಣ್ಣಿನ ಚಲನೆ ಆ ತಿರುವುಗಳಿಗೆ ತಾಳೆಯಾಗುತ್ತಿತ್ತು.

ಇವೆಲ್ಲಕ್ಕಿಂತ ಈ ಪತ್ರದ ವಿಷಯಕ್ಕೆ ಹತ್ತಿರವಾದದ್ದು 2018ರ ಇನ್ನೊಂದು ಪ್ರಯೋಗ. ಕನಸು ಕಾಣುತ್ತಿದ್ದೇನೆಂಬ ಅರಿವು ಕನಸಿನೊಳಗೇ ಇರುವ ಜನರು ಕೆಲವರುಂಟು. ಅಂಥವರಿಗೆ, ಕನಸಿನಲ್ಲಿ ತಮ್ಮ ಹೆಬ್ಬೆರಳಿನಿಂದ ಗಾಳಿಯಲ್ಲಿ ವೃತ್ತ ಬರೆದು ಅದನ್ನು ಕಣ್ಣಿನಿಂದ ಹಿಂಬಾಲಿಸಬೇಕೆಂದು ಮೊದಲೇ ಹೇಳಲಾಗಿತ್ತು. ಎಚ್ಚರದಲ್ಲಿ ನಿಜವಾದ ಬೆರಳನ್ನು ಹಿಂಬಾಲಿಸುವಾಗ ಕಣ್ಣು ಎಣ್ಣೆಯಲ್ಲಿ ಜಾರಿದಂತೆ ನುಣ್ಣಗೆ ಸಾಗುತ್ತದೆ. ಕಣ್ಣು ಮುಚ್ಚಿ ಅದೇ ಬೆರಳನ್ನು ಕಲ್ಪಿಸಿಕೊಂಡು ಹಿಂಬಾಲಿಸಿದರೆ ಚಲನೆ ತುಂಡುತುಂಡಾಗಿ, ನೆಗೆನೆಗೆದು ಸಾಗುತ್ತದೆ. ಕನಸಿನ ಬೆರಳನ್ನು ಹಿಂಬಾಲಿಸಿದ ಕಣ್ಣು ಕಲ್ಪನೆಯಲ್ಲಿರುವಂತೆ ನೆಗೆಯಲಿಲ್ಲ, ನಿಜವಾಗಿ ನೋಡಿದಂತೆ ಜಾರುತ್ತ ಸಾಗಿತು. ಅಂದರೆ ಕನಸಿನ ಚಿತ್ರವು ಕಣ್ಣಿನ ಪಾಲಿಗೆ ನೆನಪಿಗಿಂತ ನೋಟಕ್ಕೆ ಹತ್ತಿರವಾದುದು, ಮತ್ತು ಕಣ್ಣು ಆ ಚಿತ್ರದ ಹಿಂದೆಯೇ ಹೋಗುತ್ತದೆ. ಚಿಕಿತ್ಸಾಕೋಣೆಯಲ್ಲಿ ನಡೆಯುವುದು ಇದಲ್ಲ. ಅಲ್ಲಿ ಮನಸ್ಸಿನ ಚಿತ್ರವೊಂದು ಕಡೆ, ಚಿಕಿತ್ಸಕರ ಬೆರಳು ಇನ್ನೊಂದು ಕಡೆ. ಕಣ್ಣು ಹೋಗುವುದು ಬೆರಳಿನ ಹಿಂದೆ, ಚಿತ್ರವನ್ನು ಬಿಟ್ಟು. ಈ ಒಂದು ವ್ಯತ್ಯಾಸವೇ ಮುಂದಿನ ವಾದಕ್ಕೆಲ್ಲ ತಳಹದಿ.

ಭಾವನೆಗಳಿಗೂ ರೆಮ್ ನಿದ್ರೆಗೂ ಸಂಬಂಧವಿದೆಯೇ ಎಂದರೆ, ಇದೆ. ಆದರೆ ಅದನ್ನು ಸಾಧಿಸುವ ಪುರಾವೆ ಕಣ್ಣಿನ ಚಲನೆಯಿಂದ ಬಂದದ್ದಲ್ಲ, ರಾಸಾಯನಿಕಗಳಿಂದ ಬಂದದ್ದು. ಮಿದುಳುಕಾಂಡದಲ್ಲಿರುವ, ನೀಲಿ ಛಾಯೆಯಿಂದಾಗಿ ನೀಲತಾಣವೆಂದು ಕರೆಯಬಹುದಾದ ಒಂದು ಚಿಕ್ಕ ಕೋಶಸಮೂಹವು ಮಿದುಳಿಗೆಲ್ಲ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಹಂಚುತ್ತದೆ. ಬೆಚ್ಚಿಬೀಳುವಾಗ, ಅಪಾಯವನ್ನು ಗ್ರಹಿಸಿ ಮೈ ಬಿಗಿಯಾಗುವಾಗ ಹೆಚ್ಚುವುದು ಇದೇ. ರೆಮ್ ನಿದ್ರೆಯಲ್ಲಿ ಈ ಕೋಶಗಳು ಬಹುತೇಕ ಸಂಪೂರ್ಣವಾಗಿ ಮೌನವಾಗುತ್ತವೆ. ಇನ್ನೊಂದು ಕಡೆ, ಭಯವನ್ನೂ ಭಾವತೀವ್ರತೆಯನ್ನೂ ನಿರ್ವಹಿಸುವ, ಬಾದಾಮಿಯ ಆಕಾರದ ಅಮಿಗ್ಡಲಾ ಎಂಬ ಭಾಗ ಅದೇ ಹೊತ್ತಿನಲ್ಲಿ ಚುರುಕಾಗಿರುತ್ತದೆ. ನೆನಪು ಮೇಲೆದ್ದು ಬರುತ್ತದೆ, ಆದರೆ ಅದಕ್ಕೆ ಬೆಂಕಿ ಹಚ್ಚುವ ರಾಸಾಯನಿಕ ಇರುವುದಿಲ್ಲ. ಈ ಸನ್ನಿವೇಶದಲ್ಲಿ ನೆನಪಿನ ಸಂಗತಿ ಉಳಿದು ಅದರ ಕುದಿತ ಆರಬಹುದೆಂಬ ಊಹೆಯನ್ನು ಬರ್ಕ್ಲಿಯ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು 2009ರಲ್ಲಿ ಮುಂದಿಟ್ಟರು. 2011ರಲ್ಲಿ, ಮನಸ್ಸನ್ನು ಕಲಕುವ ಚಿತ್ರಗಳನ್ನು 12 ಗಂಟೆಗಳ ಅಂತರದಲ್ಲಿ ಎರಡು ಸಲ ತೋರಿಸಿ, ನಡುವೆ ನಿದ್ರಿಸಿದವರಲ್ಲಿ ಅಮಿಗ್ಡಲಾದ ಪ್ರತಿಕ್ರಿಯೆ ತಗ್ಗಿತೆಂದೂ ಎಚ್ಚರವಾಗಿದ್ದವರಲ್ಲಿ ತಗ್ಗಲಿಲ್ಲವೆಂದೂ ವರದಿ ಮಾಡಿದರು.

ನೆದರ್ಲೆಂಡ್ಸಿನ ಆಮ್ಸ್ಟರ್‌ಡ್ಯಾಮಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವು ನಾಚಿಕೆಯನ್ನು ಆರಿಸಿಕೊಂಡಿತು, ಮತ್ತು ಭಾವನೆಗಳನ್ನು ಪ್ರಯೋಗಾಲಯಕ್ಕೆ ತರುವ ಕಷ್ಟವನ್ನು ಬಲ್ಲವರು ಆ ಜಾಣ್ಮೆಯನ್ನು ಮೆಚ್ಚದಿರಲಾರರು. ಭಾಗವಹಿಸಿದವರು ತಮ್ಮ ಧ್ವನಿ ತಮಗೇ ಕೇಳಿಸದಂತೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕ್ಯಾರಿಯೋಕೆಯಲ್ಲಿ ಹಾಡಿದರು. ಆಮೇಲೆ ಶ್ರುತಿ ತಪ್ಪಿದ ಆ ಹಾಡನ್ನು ಮಿದುಳಿನ ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿ ಕೇಳಬೇಕಾಯಿತು. ಮರುದಿನ ಮತ್ತೆ ಕೇಳಿಸಿದಾಗ, ರೆಮ್ ನಿದ್ರೆ ಕಡಿಯದೆ ಸಾಗಿದವರಲ್ಲಿ ಅಮಿಗ್ಡಲಾ ಆ ನಾಚಿಕೆಗೆ ಒಗ್ಗಿಹೋಗಿತ್ತು, ರೆಮ್ ನಿದ್ರೆ ಪದೇ ಪದೇ ತುಂಡಾದವರಲ್ಲಿ ಹಾಗಾಗಿರಲಿಲ್ಲ. ಆಘಾತಕ್ಕೆ ಒಳಗಾದವರ ರೆಮ್ ನಿದ್ರೆಯೂ ಹೀಗೆಯೇ ಚೂರುಚೂರಾಗಿರುತ್ತದೆಂಬುದನ್ನು ನೆನೆದರೆ ಈ ಫಲಿತಾಂಶದ ತೂಕ ತಿಳಿಯುತ್ತದೆ.

ಆದರೆ ಇಲ್ಲಿಯೇ ಎಚ್ಚರಿಕೆಯೂ ಬೇಕು. ಜರ್ಮನಿಯಲ್ಲಿ ನಡೆದ ಪ್ರಯೋಗಗಳಲ್ಲಿ, ರೆಮ್ ಹೆಚ್ಚಿರುವ ರಾತ್ರಿಯ ಉತ್ತರಾರ್ಧದ ನಿದ್ರೆಯು ಭಾವುಕ ನೆನಪುಗಳನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆಂದು ಕಂಡುಬಂದಿದೆ. ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ರೆಮ್ ನಿದ್ರೆಯನ್ನು ಬಹಳಷ್ಟು ತಗ್ಗಿಸುತ್ತವೆ, ಆದರೂ ಅವನ್ನು ಸೇವಿಸುವವರ ಭಾವನೆಗಳು ಅರಗದೆ ಗಂಟುಕಟ್ಟಿ ನಿಲ್ಲುವುದಿಲ್ಲ; ಬದಲಿಗೆ ಅನೇಕರು ಚೇತರಿಸಿಕೊಳ್ಳುತ್ತಾರೆ. ಆದುದರಿಂದ ರೆಮ್ ನಿದ್ರೆಯೇ ಮನಸ್ಸಿನ ಗಾಯವನ್ನು ತೊಳೆಯುವ ಏಕೈಕ ಯಂತ್ರ ಎಂಬ ಮಾತಿಗೆ ಆಧಾರವಿಲ್ಲ. ಭಾವನೆಯ ಮೇಲೆ ಅದರ ಪ್ರಭಾವವಿದೆ, ಆ ಪ್ರಭಾವ ಸನ್ನಿವೇಶಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬಷ್ಟನ್ನು ಮಾತ್ರ ನಿಶ್ಚಿಂತೆಯಿಂದ ಹೇಳಬಹುದು.

ನಿದ್ರೆ ಮತ್ತು ಚಿಕಿತ್ಸೆ ಎಂಬ ಎರಡು ಲೋಕಗಳ ನಡುವೆ ಸೇತುವೆ ಕಟ್ಟಿದವರು ಹಾರ್ವರ್ಡಿನ ನಿದ್ರಾವಿಜ್ಞಾನಿ ರಾಬರ್ಟ್ ಸ್ಟಿಕ್‌ಗೋಲ್ಡ್. ಗಮನವನ್ನು ಎಡಕ್ಕೂ ಬಲಕ್ಕೂ ಮತ್ತೆ ಮತ್ತೆ ಹೊರಳಿಸುವುದರಿಂದ ಮಿದುಳು ರೆಮ್ ನಿದ್ರೆಯನ್ನು ಹೋಲುವ ಸ್ಥಿತಿಗೆ ಬರಬಹುದು, ಆಗ ಆಘಾತದ ನೆನಪು ಇತರ ನೆನಪುಗಳ ಜಾಲದಲ್ಲಿ ಸೇರಿಕೊಳ್ಳಬಹುದು ಎಂದು ಅವರು 2002ರಲ್ಲಿ ಸೂಚಿಸಿದರು. ಅದೊಂದು ಗೌರವಾನ್ವಿತ ಊಹೆ, ಊಹೆಯೆಂದೇ ಅವರು ಅದನ್ನು ಮಂಡಿಸಿದರು. ಅದು ಊರಿಂದೂರಿಗೆ ಹೋಗುತ್ತ ಊಹೆಯೆಂಬ ಹಣೆಪಟ್ಟಿಯನ್ನು ಕಳಚಿಕೊಂಡದ್ದು ಅವರ ತಪ್ಪಲ್ಲ. ಆದರೆ ಹೋಲಿಕೆಯನ್ನು ಪರೀಕ್ಷಿಸಿದರೆ ಬಿರುಕುಗಳು ಬೇಗ ಕಾಣಿಸುತ್ತವೆ. ರೆಮ್ ನಿದ್ರೆಯ ಕಣ್ಣು ಎಲ್ಲ ದಿಕ್ಕುಗಳಿಗೂ, ಕ್ರಮವಿಲ್ಲದೆ, ಗುಂಪುಗುಂಪಾಗಿ ಚಲಿಸಿ ನಡುನಡುವೆ ಸುಮ್ಮನಾಗುತ್ತದೆ; ಚಿಕಿತ್ಸೆಯ ಕಣ್ಣು ಗಡಿಯಾರದ ಲೋಲಕದಂತೆ ಒಂದೇ ಲಯದಲ್ಲಿ ಅತ್ತಿಂದಿತ್ತ ತೂಗುತ್ತದೆ. ಮೊದಲನೆಯದು ಸಾಮಾನ್ಯವಾಗಿ ಇಚ್ಛೆಯ ಹಿಡಿತಕ್ಕೆ ಹೊರತಾದುದು, ಎರಡನೆಯದು ಪೂರ್ತಿ ಇಚ್ಛೆಯಿಂದ ನಡೆಯುವಂಥದು. ನಿದ್ರೆಯಲ್ಲಿ ಯೋಜನೆಯನ್ನೂ ವಿವೇಚನೆಯನ್ನೂ ನಿರ್ವಹಿಸುವ ಹಣೆಯ ಹಿಂದಿನ ಮಿದುಳುಭಾಗ ಮಂಕಾಗಿರುತ್ತದೆ, ನಾರ್‌ಅಡ್ರಿನಲಿನ್ ಇಲ್ಲವಾಗಿರುತ್ತದೆ, ಸ್ನಾಯುಗಳು ಸಡಿಲಬಿದ್ದಿರುತ್ತವೆ. ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ಮಾತನಾಡುತ್ತ, ತಮ್ಮ ಸಂಕಟಕ್ಕೆ ಅಂಕ ಕೊಡುತ್ತಿರುವ ವ್ಯಕ್ತಿಯ ಮಿದುಳಿನಲ್ಲಿ ಇವುಗಳಲ್ಲಿ ಒಂದೂ ಇರುವುದಿಲ್ಲ. ರೆಮ್ ನಿದ್ರೆಯಲ್ಲಿ ಭಾವನೆಯ ಮೇಲೆ ಪರಿಣಾಮವಾಗುವುದು ಆ ರಾಸಾಯನಿಕ ಮೌನದಿಂದಲೇ ಆದರೆ, ಕಣ್ಣನ್ನು ಮಾತ್ರ ಅನುಕರಿಸಿ ಆ ಪರಿಣಾಮವನ್ನು ನಿರೀಕ್ಷಿಸುವುದು ಹೇಗೆ?

ಹಾಗಾದರೆ ಕಣ್ಣಿನ ಚಲನೆ ಬರಿಯ ಅಲಂಕಾರವೇ ಎಂಬ ಪ್ರಶ್ನೆ ಏಳುತ್ತದೆ, ಮತ್ತು ಒಂದು ಕಾಲದಲ್ಲಿ ಹಾಗೆಂದು ನಂಬಲು ಕಾರಣವಿತ್ತು. 34 ಅಧ್ಯಯನಗಳನ್ನು ಒಟ್ಟುಗೂಡಿಸಿದ 2001ರ ಪರಿಶೀಲನೆಯೊಂದು, ಕಣ್ಣಿನ ಚಲನೆಯನ್ನು ತೆಗೆದುಹಾಕಿದರೂ ಫಲದಲ್ಲಿ ವ್ಯತ್ಯಾಸವಾಗುವುದಿಲ್ಲವೆಂದಿತು. 26 ಪ್ರಯೋಗಗಳನ್ನು ಸೇರಿಸಿಕೊಂಡ 2013ರ ಇನ್ನೊಂದು ಪರಿಶೀಲನೆ, ಕಣ್ಣಿನ ಚಲನೆಯಿಂದ ಮಧ್ಯಮ ಪ್ರಮಾಣದ ಹೆಚ್ಚಿನ ಲಾಭವುಂಟೆಂದು ಕಂಡುಕೊಂಡಿತು. ಈ ನಡುವೆ ಚಿತ್ರವನ್ನು ಬದಲಿಸಿದ್ದು ನಿದ್ರಾಶಾಸ್ತ್ರವಲ್ಲ, ನೆನಪಿನ ಮನಃಶಾಸ್ತ್ರ.

ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಕಾರ್ಯಸ್ಮೃತಿ ಎಂಬ ಕಲ್ಪನೆಯನ್ನು ಮಂಡಿಸಿದರು. ಆ ಕ್ಷಣದಲ್ಲಿ ಮನಸ್ಸು ಕೈಗೆತ್ತಿಕೊಂಡು ಬಳಸುತ್ತಿರುವ ವಿಷಯವನ್ನು ಹಿಡಿದಿಡುವ ಜಾಗವಿದು, ಮತ್ತು ಅದರ ಮುಖ್ಯ ಲಕ್ಷಣವೇ ಇಕ್ಕಟ್ಟು. ಎರಡು ಕೆಲಸಗಳನ್ನು ಒಟ್ಟಿಗೆ ಇಟ್ಟರೆ ಎರಡೂ ಪೂರ್ಣವಾಗಿ ಹಿಡಿಸುವುದಿಲ್ಲ. ಒಲೆಯ ಮೇಲೆ ಹಾಲಿಟ್ಟು ಫೋನಿನಲ್ಲಿ ಮಾತಿಗಿಳಿದವರಿಗೆ ಇದನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಮನಸ್ಸಿನಲ್ಲಿ ದೃಶ್ಯವನ್ನು ಕಟ್ಟುವುದಕ್ಕೂ ಕಣ್ಣಿನಿಂದ ಚಲಿಸುವ ವಸ್ತುವನ್ನು ಹಿಂಬಾಲಿಸುವುದಕ್ಕೂ ಬೇಕಾಗುವುದು ಇದೇ ಇಕ್ಕಟ್ಟಿನ ಜಾಗ. ಹೀಗಾಗಿ ಎರಡನ್ನೂ ಒಟ್ಟಿಗೆ ಮಾಡುವಾಗ ದೃಶ್ಯವು ಮಸುಕಾಗುತ್ತದೆ, ಅದರ ಭಾವತೀವ್ರತೆಯೂ ಇಳಿಯುತ್ತದೆ ಎಂದು ಬ್ಯಾಡ್ಲಿಯವರೂ ಸೇರಿದಂತೆ ಮೂವರು 1997ರಲ್ಲಿ ಪ್ರಯೋಗದಿಂದ ತೋರಿಸಿದರು. ಒಮ್ಮೆ ಹೊರತೆಗೆದ ನೆನಪು ಮತ್ತೆ ಒಳಗೆ ಸೇರುವ ಮುನ್ನ ಕೆಲಹೊತ್ತು ಮೆತ್ತಗಾಗಿರುತ್ತದೆಂದು 2000ದಲ್ಲಿ ಇಲಿಗಳಲ್ಲಿ ಸಿದ್ಧಪಟ್ಟಿತ್ತು. ಮಸುಕಾದ ರೂಪದಲ್ಲಿಯೇ ಅದು ಮರಳಿ ನೆಲೆಯೂರಬಹುದೆಂಬ ನಿರೀಕ್ಷೆ ಅಲ್ಲಿಂದ ಹುಟ್ಟಿತು.

ಈ ವಿವರಣೆಯ ಬಲ ಇರುವುದು ಅದು ಸೋಲಲು ಸಿದ್ಧವಾಗಿರುವುದರಲ್ಲಿ. ಇದು ನಿಜವಾದರೆ, ಎಡಬಲದ ಚಲನೆಗೆ ವಿಶೇಷವೇನೂ ಇರಬಾರದು, ಮೇಲೆಕೆಳಗೆ ಚಲಿಸಿದರೂ ಸಾಕಾಗಬೇಕು. ಕೆನಡಾದಲ್ಲಿ 2008ರಲ್ಲಿ ನಡೆದ ಪ್ರಯೋಗದಲ್ಲಿ ಹಾಗೆಯೇ ಆಯಿತು, ಮಿದುಳಿನ ಎರಡು ಅರ್ಧಗೋಳಗಳ ಸಂವಾದವೇ ಚಿಕಿತ್ಸೆಯ ಗುಟ್ಟು ಎಂಬ ವಾದ ಅಲ್ಲಿ ಸೊರಗಿತು. ಇದು ನಿಜವಾದರೆ, ಕಣ್ಣಿಗೆ ಸಂಬಂಧವೇ ಇಲ್ಲದ ಕಷ್ಟದ ಕೆಲಸವೂ ನೆನಪನ್ನು ಮಸುಕುಗೊಳಿಸಬೇಕು. ದೊಡ್ಡ ಸಂಖ್ಯೆಯಿಂದ ಹಿಮ್ಮುಖವಾಗಿ ಎಣಿಸುವುದೂ ಜಟಿಲ ಚಿತ್ರವನ್ನು ನಕಲು ಮಾಡುವುದೂ ಹಾಗೆಯೇ ಕೆಲಸ ಮಾಡಿದವು. ಇದು ನಿಜವಾದರೆ, ಗಮನವನ್ನೇ ಬೇಡದ ಸುಲಭದ ಪ್ರಚೋದನೆ ಕಡಿಮೆ ಫಲ ಕೊಡಬೇಕು. ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರದ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಐರಿಸ್ ಎಂಗೆಲ್‌ಹಾರ್ಡ್ ಅವರ ತಂಡವು, ಎಡಕಿವಿಗೊಮ್ಮೆ ಬಲಕಿವಿಗೊಮ್ಮೆ ಕೇಳಿಸುವ ಬೀಪ್ ಸದ್ದುಗಳಿಗಿಂತ ಕಣ್ಣಿನ ಚಲನೆಯೇ ಮೇಲೆಂದು 2012ರಲ್ಲಿ ಪಿ.ಟಿ.ಎಸ್.ಡಿ. ಇರುವವರಲ್ಲಿಯೇ ತೋರಿಸಿತು. ನಿದ್ರೆಯ ಹೋಲಿಕೆ ಇಂಥ ಯಾವ ಪರೀಕ್ಷೆಗೂ ತನ್ನನ್ನು ಒಡ್ಡಿಕೊಂಡು ಗೆದ್ದು ಬಂದಿಲ್ಲ.

ಮಿದುಳಿನ ಮಟ್ಟದಲ್ಲಿಯೂ ಕೆಲವು ಸುಳಿವುಗಳಿವೆ. ನೈಮೆಗೆನ್ ನಗರದ ಸಂಶೋಧಕರು 2018ರಲ್ಲಿ ವರದಿ ಮಾಡಿದಂತೆ, ಗುರಿಯತ್ತ ಕಣ್ಣನ್ನು ಹೊರಳಿಸುವ ಕೆಲಸವೂ ಕಾರ್ಯಸ್ಮೃತಿಯನ್ನು ದಣಿಸುವ ಬೇರೆ ಕೆಲಸವೂ ಅಮಿಗ್ಡಲಾದ ಚಟುವಟಿಕೆಯನ್ನು ತಗ್ಗಿಸುತ್ತವೆ, ಮತ್ತು ಭಯವನ್ನು ಮರೆಯಲು ಕಲಿಯುವ ಹೊತ್ತಿನಲ್ಲಿ ಕಣ್ಣಿನ ಕೆಲಸ ಕೊಟ್ಟರೆ ಭಯ ಮರುಕಳಿಸುವುದು ಕಡಿಮೆಯಾಗುತ್ತದೆ. ಕೊರಿಯಾದ ತಂಡವೊಂದು 2019ರಲ್ಲಿ, ಭಯ ಕಲಿತ ಇಲಿಗಳ ಎಡಬಲಕ್ಕೆ ಒಂದಾದ ಮೇಲೊಂದರಂತೆ ಬೆಳಕು ತೋರಿಸಿದಾಗ ಭಯ ಬೇಗ ಆರಿ ಆರಿಯೇ ಉಳಿಯಿತೆಂದು ಕಂಡು, ನೋಟದ ಗಮನವನ್ನು ನಡೆಸುವ ನಡುಮಿದುಳಿನ ಭಾಗದಿಂದ ಥಲಾಮಸ್ ಮೂಲಕ ಅಮಿಗ್ಡಲಾವನ್ನು ಅದುಮುವ ನರಪಥವನ್ನು ಗುರುತಿಸಿತು. ಈ ಇಲಿಯ ಪ್ರಯೋಗದಲ್ಲಿ ಎಡಬಲದ ಸರದಿಗೆ ಮಹತ್ವವಿದ್ದುದು ಕಾರ್ಯಸ್ಮೃತಿಯ ವಿವರಣೆಗೆ ಪೂರ್ತಿ ಹೊಂದುವುದಿಲ್ಲ ಎಂಬುದನ್ನು ಮರೆಮಾಚಬಾರದು. ಆದರೆ ಆ ಇಲಿಗಳೂ ಎಚ್ಚರವಾಗಿದ್ದವು, ಹೊರಗಿನ ಬೆಳಕಿಗೆ ಗಮನ ಕೊಡುತ್ತಿದ್ದವು. ಹೊರಗಿನದರತ್ತ ಗಮನ ಹರಿಯುವಾಗ ಭಯದ ಕೇಂದ್ರ ತಣ್ಣಗಾಗುತ್ತದೆ ಎಂಬ ಒಂದು ಎಳೆಯಲ್ಲಿ ಈ ಎಲ್ಲ ಪ್ರಯೋಗಗಳೂ ಸೇರುತ್ತವೆ. ಕನಸಿನಲ್ಲಿ ಗಮನ ಹರಿಯುವುದು ಒಳಗಿನ ಚಿತ್ರದತ್ತ.

ಮಾನ್ಯರೇ, ಇಷ್ಟು ಸೂಕ್ಷ್ಮ ವ್ಯತ್ಯಾಸವನ್ನು ಕೋಣೆಯೊಳಗೆ ಏಕೆ ತರಬೇಕು, ಫಲ ದೊರೆತರೆ ಸಾಲದೇ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಚಿಕಿತ್ಸೆಯನ್ನು ನಡೆಸುವ ರೀತಿಯೇ ಆ ವಿವರಣೆಯನ್ನು ಅವಲಂಬಿಸಿದೆ ಎಂಬುದೇ ಇದಕ್ಕೆ ಉತ್ತರ. ನಿದ್ರೆಯ ಅನುಕರಣೆಯೆಂದು ನಂಬಿದವರು ಬೆರಳನ್ನು ನಿಧಾನವಾಗಿ, ತೂಗುಮಂಚದಂತೆ, ಹಿತವಾಗಿ ಆಡಿಸಲು ಮನಸ್ಸು ಮಾಡುತ್ತಾರೆ. ಇಕ್ಕಟ್ಟಿನ ಜಾಗಕ್ಕಾಗಿ ಸ್ಪರ್ಧೆಯೆಂದು ತಿಳಿದವರು ವೇಗವನ್ನು ಎದುರಿಗಿರುವ ವ್ಯಕ್ತಿಯ ಶಕ್ತಿಗೆ ತಕ್ಕಂತೆ ಏರಿಸಿ ಇಳಿಸುತ್ತಾರೆ: ಬೆರಳನ್ನು ಸಲೀಸಾಗಿ ಹಿಂಬಾಲಿಸುತ್ತಲೇ ದೃಶ್ಯವೂ ನಿಚ್ಚಳವಾಗಿ ಉಳಿದಿದ್ದರೆ ಕೆಲಸ ತೀರ ಹಗುರವಾಗಿದೆ, ದೃಶ್ಯವೇ ಕೈತಪ್ಪಿಹೋಗುತ್ತಿದ್ದರೆ ತೀರ ಭಾರವಾಗಿದೆ. ದೃಷ್ಟಿಯಿಲ್ಲದವರಿಗೆ ಅಥವಾ ಕಣ್ಣು ಬೇಗ ದಣಿಯುವವರಿಗೆ ಬೇರೆ ಯಾವ ಕೆಲಸ ಕೊಡಬಹುದು ಎಂಬುದೂ ಈ ತಿಳಿವಿನಿಂದಲೇ ಹೊಳೆಯುತ್ತದೆ. ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ವ್ಯಕ್ತಿಗೆ ಬಲ ಕೊಡುವ ಸಿಹಿ ನೆನಪನ್ನು ಗಟ್ಟಿಗೊಳಿಸಲೆಂದು ಅದರೊಡನೆಯೂ ಕಣ್ಣನ್ನು ಆಡಿಸುವ ರೂಢಿ ಈ ಕ್ರಮದಲ್ಲಿದೆ. ಆದರೆ ಕಣ್ಣಿನ ಚಲನೆ ಸಿಹಿ ನೆನಪುಗಳನ್ನೂ ಅಷ್ಟೇ ನಿಷ್ಪಕ್ಷಪಾತವಾಗಿ ಮಸುಕುಗೊಳಿಸುತ್ತದೆಂದು ಡಚ್ ಪ್ರಯೋಗಗಳು ತೋರಿಸಿವೆ. ಬಾಲ್ಯದಲ್ಲಿ ಕಂಡ ಒಂದೇ ಒಂದು ಸುರಕ್ಷಿತ ಮಡಿಲನ್ನು ನೆನೆದುಕೊಂಡು ಬಂದವರಿಂದ ಆ ನೆನಪಿನ ಬಣ್ಣವನ್ನು ಕಳೆಯುವುದು ಯಾರ ಉದ್ದೇಶವೂ ಆಗಿರಲಾರದು.

ಕರ್ನಾಟಕದ ಸಂದರ್ಭದಲ್ಲಿ ಮತ್ತೊಂದು ಕಾರಣವುಂಟು. ಕಣ್ಣಿನ ಮುಂದೆ ಕೈ ಆಡಿಸುವುದೆಂದರೆ ಸಮ್ಮೋಹನ ಅಥವಾ ವಶೀಕರಣವೆಂಬ ಚಿತ್ರವೇ ಇಲ್ಲಿ ಅನೇಕರ ಮನಸ್ಸಿಗೆ ಮೊದಲು ಬರುತ್ತದೆ. ಅದರ ಮೇಲೆ ಎಚ್ಚರದಲ್ಲಿಯೇ ನಿದ್ರೆಯ ಸ್ಥಿತಿಯನ್ನು ತರಲಾಗುತ್ತದೆ ಎಂದರೆ ಆ ಭಯಕ್ಕೆ ಪುಷ್ಟಿ ಕೊಟ್ಟಂತಾಗುತ್ತದೆ. ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಗಳಿಗೆ, ತನ್ನ ಮೈಮನಸ್ಸಿನ ಹಿಡಿತ ತನ್ನ ಕೈಯಲ್ಲಿಲ್ಲ ಎಂಬುದೇ ಗಾಯದ ತಿರುಳಾಗಿರುವಾಗ, ಹಿಡಿತ ತಪ್ಪುವ ಇನ್ನೊಂದು ಸ್ಥಿತಿಯ ಮಾತೇ ಹಿಂಸೆಯಾಗಬಹುದು. ಅದರ ಬದಲು ನಿಜವನ್ನೇ ನೇರವಾಗಿ, ಮನೆಮಾತಿನಲ್ಲಿ ಹೇಳಲು ಸಾಧ್ಯವಿದೆ: “ಆ ನೆನಪು ಮನಸ್ಸಿಗೆ ಬರಲಿ. ಅದೇ ಹೊತ್ತಿಗೆ ಕಣ್ಣಿಗೂ ಒಂದು ಕೆಲಸ ಇರುತ್ತೆ. ಮನಸ್ಸಿಗೆ ಎರಡನ್ನೂ ಪೂರ್ತಿ ಹಿಡಿದುಕೊಳ್ಳೋಕೆ ಆಗಲ್ಲ, ಹಾಗಾಗಿ ನೆನಪಿನ ಕಾವು ಸ್ವಲ್ಪ ಸ್ವಲ್ಪ ಇಳಿಯುತ್ತೆ. ನೀವು ಪೂರ್ತಿ ಎಚ್ಚರವಾಗೇ ಇರ್ತೀರಿ, ಬೇಡ ಅನ್ನಿಸಿದ ತಕ್ಷಣ ಕೈ ಎತ್ತಿದರೆ ನಿಲ್ಲಿಸಲಾಗುತ್ತೆ.” ಇಷ್ಟು ಮಾತಿನಲ್ಲಿ ಸುಳ್ಳಿಲ್ಲ, ಮಂತ್ರವಿಲ್ಲ, ಅಧಿಕಾರವೂ ಕೇಳುವವರ ಬಳಿಯೇ ಉಳಿಯುತ್ತದೆ. ಅಂತರ್ಜಾಲದ ವೀಡಿಯೊ ನೋಡಿ ಮನೆಯಲ್ಲಿ ಒಂಟಿಯಾಗಿ ಇದನ್ನು ಪ್ರಯತ್ನಿಸಬಾರದೆಂಬ ಮಾತನ್ನೂ ಇದರೊಡನೆ ಸೇರಿಸುವುದು ಅಗತ್ಯ, ಏಕೆಂದರೆ ಕೆದಕಿದ ನೆನಪು ಕೈಮೀರಿದಾಗ ಪಕ್ಕದಲ್ಲಿ ನುರಿತವರೊಬ್ಬರು ಇರಬೇಕಾಗುತ್ತದೆ.

ಹೋಲಿಕೆಯನ್ನು ಬಿಡುವುದೆಂದರೆ ನಿದ್ರೆಯನ್ನೇ ಮರೆಯುವುದು ಎಂದು ಅರ್ಥವಾಗಬಾರದು; ಆ ಹೋಲಿಕೆಯಿಂದಾದ ದೊಡ್ಡ ನಷ್ಟವೆಂದರೆ ಅದು ನಿದ್ರೆಯನ್ನು ಒಂದು ಉಪಮೆಯಾಗಿಸಿ, ನಿಜವಾದ ನಿದ್ರೆಯ ವಿಚಾರಣೆಯಿಂದ ಗಮನವನ್ನು ಸರಿಸಿದೆ. ಆಘಾತಗೊಂಡವರ ನಿದ್ರೆಗೆ ಅದರದೇ ಚಿಕಿತ್ಸೆಗಳುಂಟು. ಮರುಕಳಿಸುವ ಕೆಟ್ಟ ಕನಸಿನ ಕಥೆಯನ್ನು ಹಗಲಿನಲ್ಲಿ ಬೇರೆ ರೀತಿಯಲ್ಲಿ ಬರೆದು, ಆ ಹೊಸ ಕಥೆಯನ್ನು ದಿನವೂ ಕೆಲವು ನಿಮಿಷ ಮನಸ್ಸಿನಲ್ಲಿ ನಡೆಸಿನೋಡುವ ಅಭ್ಯಾಸವು ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಲ್ಲಿ ದುಃಸ್ವಪ್ನಗಳನ್ನು ಕಡಿಮೆ ಮಾಡಿತೆಂದು 2001ರಲ್ಲಿ ಪ್ರಕಟವಾದ ನಿಯಂತ್ರಿತ ಪ್ರಯೋಗ ತೋರಿಸಿದೆ. ರಾತ್ರಿಯ ಮದ್ಯಪಾನ ಮೊದಲ ಪಾಳಿಯ ರೆಮ್ ನಿದ್ರೆಯನ್ನು ಅದುಮಿ, ನಸುಕಿನ ನಿದ್ರೆಯನ್ನು ಕದಡುತ್ತದೆ. ನಿದ್ರೆ ಬರಲೆಂದೇ ಕುಡಿಯುತ್ತೇನೆ ಎನ್ನುವವರಿಗೆ ಇದನ್ನು ತಿಳಿಸಿಹೇಳುವವರು ಬೇಕು. ನಡುವಯಸ್ಸು ದಾಟಿದವರು ಕನಸಿನಲ್ಲಿ ಗುದ್ದುವುದು, ಒದೆಯುವುದು, ಹಾಸಿಗೆಯಿಂದ ಬೀಳುವುದು ಇದ್ದರೆ ಅದನ್ನು ಆಘಾತದ ಫಲವೆಂದು ಊಹಿಸಿ ಸುಮ್ಮನಾಗದೆ ನರರೋಗ ತಜ್ಞರ ಬಳಿ ಕಳಿಸಬೇಕು, ಏಕೆಂದರೆ ಪಾರ್ಕಿನ್ಸನ್ ಕಾಯಿಲೆ ಕೆಲವರಲ್ಲಿ ವರ್ಷಗಳ ಮೊದಲೇ ಈ ರೂಪದಲ್ಲಿ ಸೂಚನೆ ಕೊಡುತ್ತದೆ.

ಆದುದರಿಂದ ಈ ಪತ್ರದ ಕೊನೆಯ ಕೋರಿಕೆ ಅತಿ ಚಿಕ್ಕದು. ಸಂಕಟದ ಅಂಕವನ್ನು ಬರೆದುಕೊಳ್ಳುವ ಹಾಳೆಯಲ್ಲಿ, ಮೊದಲ ಭೇಟಿಯಿಂದಲೇ, ಇನ್ನೂ ಮೂರು ಸಾಲುಗಳಿಗೆ ಜಾಗವಿರಲಿ: ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ನಿದ್ರೆ ಹತ್ತಿತು, ಎಷ್ಟು ಸಲ ಬೆಚ್ಚಿಬಿದ್ದು ಎಚ್ಚರವಾಯಿತು, ಎದ್ದಾಗ ಯಾವ ಕನಸು ಇನ್ನೂ ಮೈಮೇಲಿತ್ತು. ಕೆಲವು ವಾರಗಳ ಬಳಿಕ ಆ ಸಾಲುಗಳನ್ನು ಸಂಕಟದ ಅಂಕಗಳ ಪಕ್ಕದಲ್ಲಿಟ್ಟು ಓದಿದರೆ, ಹಗಲಿನ ಚಿಕಿತ್ಸೆಗೂ ಇರುಳಿನ ನಿದ್ರೆಗೂ ಆ ವ್ಯಕ್ತಿಯಲ್ಲಿ ಇರುವ ನಂಟು ಏನೆಂಬುದನ್ನು ತಾವೇ ಕಾಣಬಹುದು.